ಹಿಮ್ಮಡಿ ನೋವಿಗೆ ಬೂಟಿನೊಳಗೆ ಏನು ಹಾಕಬೇಕು?

ಬೆಳಿಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಊರಿದೊಡನೆ ಹಿಮ್ಮಡಿಯಲ್ಲಿ ಮುಳ್ಳು ಮುರಿದಂತೆ ನೋವು. ಗೋಡೆ ಹಿಡಿದುಕೊಂಡು ಕುಂಟುತ್ತ ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಸ್ವಲ್ಪ ಹಗುರ. ಹತ್ತು ನಿಮಿಷ ಓಡಾಡಿದರೆ ನೋವು ಇತ್ತೆಂಬುದೇ ಮರೆತುಹೋಗುತ್ತದೆ. ಮಧ್ಯಾಹ್ನ ಊಟ ಮುಗಿಸಿ ಅರ್ಧ ಗಂಟೆ ಕುಳಿತು ಎದ್ದರೆ ಮತ್ತೆ ಅದೇ ಮುಳ್ಳು. ಈ ಕಥೆಯನ್ನು ನೀವೇ ಹೇಳಿರಬಹುದು, ಇಲ್ಲವೆ ನಿಮ್ಮ ಮನೆಯಲ್ಲಿ ಯಾರಾದರೂ ಹೇಳಿರಬಹುದು. ಬಸವಕಲ್ಯಾಣ, ಹುಮನಾಬಾದ್ ಕಡೆಯ ವೈದ್ಯರಿಗಂತೂ ಇದು ದಿನನಿತ್ಯದ ದೂರು. ಸಸ್ತಾಪುರ ಬಂಗ್ಲಾದ ಗ್ಯಾರೇಜುಗಳಲ್ಲಿ ದಿನವಿಡೀ ನಿಂತು ಕೆಲಸ ಮಾಡುವ ಮೆಕ್ಯಾನಿಕ್‌ಗಳು, ಶಾಲೆಯ ಮಾಸ್ತರರು, ಬಸ್ ಕಂಡಕ್ಟರುಗಳು, ಎಲ್ಲರಿಗಿಂತ ಹೆಚ್ಚಾಗಿ ನಲವತ್ತು ದಾಟಿದ ಗೃಹಿಣಿಯರು ಈ ನೋವನ್ನು ಹೊತ್ತು ಬರುತ್ತಾರೆ. ಸೀಗಿ ಹುಣ್ಣಿಮೆಗೆ ತುಳಜಾಪುರಕ್ಕೆ ನಡೆದುಕೊಂಡು ಹೋಗಿ ಬಂದವರದು ಬೇರೆಯೇ ಸಾಲು.

ಬಂದವರ ಕೈಯಲ್ಲಿ ಬಹಳಷ್ಟು ಸಲ ಎರಡು ವಸ್ತುಗಳಿರುತ್ತವೆ. ಒಂದು, ಹಿಮ್ಮಡಿಯ ಎಕ್ಸ್‌ರೇ. ಇನ್ನೊಂದು, ಸೋಲಾಪುರದಿಂದಲೋ ಹೈದರಾಬಾದಿನಿಂದಲೋ ತಂದ ಬೂಟಿನ ಒಳಹಾಸು. ಅಂಗಡಿಯವರು ಇದಕ್ಕೆ ‘ಇನ್‌ಸೋಲ್’ ಎನ್ನುತ್ತಾರೆ, ಜನ ಬರೇ ‘ಸೋಲ್’ ಎನ್ನುತ್ತಾರೆ. "ಸಾಹೇಬ್ರ, ಇಷ್ಟು ರೊಕ್ಕ ಕೊಟ್ಟು ತಂದೀನಿ, ನೋವು ಹೋಗವಲ್ದು" ಎಂಬ ಮಾತು ಅದರ ಜೊತೆಗೇ ಬರುತ್ತದೆ. ಯಾವ ಸೋಲ್ ಯಾರಿಗೆ, ಯಾರಿಗೆ ಬೇಡವೇ ಬೇಡ ಎಂಬುದನ್ನು ಈ ವಾರ ನೋಡೋಣ.

ಎಲುಬು ಬೆಳೆದಿದೆಯೇ?

ಮೊದಲು ಎಕ್ಸ್‌ರೇಯ ವಿಷಯ ಮುಗಿಸಿಬಿಡೋಣ. ನಮ್ಮ ಅಂಗಾಲಿನಲ್ಲಿ ಹಿಮ್ಮಡಿಯ ಎಲುಬಿನಿಂದ ಹೊರಟು ಬೆರಳುಗಳ ಬುಡದವರೆಗೆ ಗಟ್ಟಿ ನಾರಿನ ಒಂದು ಪಟ್ಟಿ ಇದೆ. ಪಾದದ ಕಮಾನನ್ನು ಬಿಲ್ಲು ಎಂದುಕೊಂಡರೆ ಈ ಪಟ್ಟಿಯೇ ಅದರ ಹೆದೆ. ಪ್ರತಿ ಹೆಜ್ಜೆಗೂ ಮೈಭಾರವೆಲ್ಲ ಬಿಲ್ಲಿನ ಮೇಲೆ ಬಿದ್ದು ಹೆದೆ ಬಿಗಿಯುತ್ತದೆ. ವರ್ಷಗಟ್ಟಲೆ ಹೀಗೆ ಎಳೆದೂ ಎಳೆದೂ, ಹೆದೆಯನ್ನು ಹಿಮ್ಮಡಿಗೆ ಕಟ್ಟಿದ ಜಾಗದಲ್ಲಿ ನಾರುಗಳು ಸವೆಯುತ್ತವೆ, ಅಲ್ಲಲ್ಲಿ ಹರಿಯುತ್ತವೆ. ರಾತ್ರಿ ಮಲಗಿದಾಗ ಪಾದ ಕೆಳಮುಖವಾಗಿರುವುದರಿಂದ ಪಟ್ಟಿ ಸಡಿಲಾಗಿ ಕುಗ್ಗಿರುತ್ತದೆ. ಬೆಳಿಗ್ಗೆ ನೆಲಕ್ಕೆ ಕಾಲೂರಿದಾಗ ಅದನ್ನು ಒಮ್ಮೆಲೇ ಜಗ್ಗಿದಂತಾಗುತ್ತದೆ. ಆ ಮೊದಲ ಹೆಜ್ಜೆಯ ಮುಳ್ಳು ಎಂದರೆ ಇದೇ. ವೈದ್ಯರು ಇದನ್ನು ಪ್ಲಾಂಟಾರ್ ಫೇಶಿಯೈಟಿಸ್ ಎನ್ನುತ್ತಾರೆ.

ಎಕ್ಸ್‌ರೇಯಲ್ಲಿ ಹಿಮ್ಮಡಿಯಿಂದ ಮುಂದಕ್ಕೆ ಚಾಚಿದ ಚಿಕ್ಕ ಕೊಕ್ಕೆಯಂಥ ಎಲುಬು ಕಾಣಬಹುದು. ಅದನ್ನು ನೋಡಿಯೇ ಅರ್ಧ ಜೀವ ಹೋಗಿರುತ್ತದೆ. ಆದರೆ ಈ ಕೊಕ್ಕೆ ನೆಲದ ಕಡೆಗೆ ಚುಚ್ಚುವ ಮೊಳೆಯಲ್ಲ. ಅದು ಪಾದಕ್ಕೆ ಸಮಾನಾಂತರವಾಗಿ ಬೆರಳುಗಳ ದಿಕ್ಕಿಗೆ ಬೆಳೆದಿರುತ್ತದೆ. ಯಾವ ನೋವೂ ಇಲ್ಲದೆ ಓಡಾಡುವ ಎಷ್ಟೋ ಜನರ ಎಕ್ಸ್‌ರೇಯಲ್ಲೂ ಅದು ಸಿಗುತ್ತದೆ, ವಿಪರೀತ ನೋವಿರುವ ಎಷ್ಟೋ ಜನರಲ್ಲಿ ಇರುವುದೇ ಇಲ್ಲ. ಆದ್ದರಿಂದ ಎಲುಬು ಬೆಳೆದಿದೆ ಎಂಬ ಒಂದೇ ಕಾರಣಕ್ಕೆ ಅದನ್ನು ಕೆತ್ತಿಸಲು ಹೋಗಬೇಡಿರಿ. ಈ ನೋವು ಹತ್ತರಲ್ಲಿ ಎಂಟು ಒಂಬತ್ತು ಜನರಿಗೆ ಆಪರೇಷನ್ ಇಲ್ಲದೆ ಒಂದು ವರ್ಷದೊಳಗೆ ಕಡಿಮೆಯಾಗುತ್ತದೆ. ಒಂದು ವರ್ಷವೆಂದರೆ ಬಹಳವಾಯಿತು, ಒಪ್ಪುತ್ತೇನೆ. ಅಷ್ಟು ದಿನ ಕುಂಟದೆ ಇರಲೆಂದೇ ಸೋಲಿನ ಮಾತು.

ಬೆಲೆಯೂ ಗುಣವೂ

ಮಾರುಕಟ್ಟೆಯಲ್ಲಿ ಸಿಗುವುದನ್ನು ಸ್ಥೂಲವಾಗಿ ಹೀಗೆ ವಿಂಗಡಿಸಬಹುದು. ಹಿಮ್ಮಡಿಯ ಕೆಳಗೆ ಮಾತ್ರ ಕೂಡುವ, ಬಟ್ಟಲಿನಂತೆ ಅಂಚು ಎತ್ತರಿಸಿದ ಸಿಲಿಕೋನ್ ಅಥವಾ ರಬ್ಬರಿನ ‘ಹೀಲ್ ಕಪ್’ ಒಂದು. ಬೂಟಿನ ಉದ್ದಕ್ಕೂ ಹಾಸುವ ಮೆತ್ತನೆಯ ಸೋಲ್ ಇನ್ನೊಂದು. ಪಾದದ ಕಮಾನಿಗೆ ಆಸರೆ ಕೊಡುವ, ಸ್ವಲ್ಪ ಗಟ್ಟಿಯಾದ ಸಿದ್ಧ ಸೋಲ್ ಮತ್ತೊಂದು. ಕೊನೆಯದು, ದೊಡ್ಡ ಊರುಗಳಲ್ಲಿ ಯಂತ್ರದ ಮೇಲೆ ನಿಲ್ಲಿಸಿ, ಪಾದದ ಬಣ್ಣಬಣ್ಣದ ಚಿತ್ರ ತೆಗೆದು, ನಿಮ್ಮ ಅಳತೆಗೇ ಮಾಡಿಕೊಡುವ ಸೋಲ್. ಮೊದಲಿನವು ನೂರರ ಲೆಕ್ಕದಲ್ಲಿ ಸಿಕ್ಕರೆ ಕೊನೆಯದು ಸಾವಿರಗಳ ಲೆಕ್ಕ.

ದುಬಾರಿಯದೇ ಒಳ್ಳೆಯದೆಂದು ನಮಗೆಲ್ಲ ಅನಿಸುವುದು ಸಹಜ. ಇದನ್ನು ಪರೀಕ್ಷಿಸಿ ನೋಡಿದ ಅಧ್ಯಯನಗಳಿವೆ. 1999ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 15 ಕೇಂದ್ರಗಳ 236 ಹಿಮ್ಮಡಿ ನೋವಿನ ರೋಗಿಗಳನ್ನು ಐದು ಗುಂಪು ಮಾಡಿದರು. ಎಲ್ಲರಿಗೂ ಕಾಲು ಜಗ್ಗಿಸುವ ವ್ಯಾಯಾಮ ಸಾಮಾನ್ಯ. ಒಂದು ಗುಂಪಿಗೆ ಅಷ್ಟೇ. ಉಳಿದವರಿಗೆ ಅದರ ಜೊತೆಗೆ ಸಿಲಿಕೋನ್, ರಬ್ಬರ್, ಉಣ್ಣೆಯ ಫೆಲ್ಟ್ ಅಥವಾ ಅಳತೆಗೆ ಮಾಡಿಸಿದ ಗಟ್ಟಿ ಸೋಲ್. ಎಂಟು ವಾರಗಳ ನಂತರ ನೋಡಿದಾಗ ಸಿಲಿಕೋನ್ ಹಾಕಿಕೊಂಡವರಲ್ಲಿ ನೂರಕ್ಕೆ 95, ರಬ್ಬರಿನವರಲ್ಲಿ 88, ಫೆಲ್ಟಿನವರಲ್ಲಿ 81, ಬರಿಯ ವ್ಯಾಯಾಮದವರಲ್ಲಿ 72 ಮಂದಿಗೆ ಸುಧಾರಣೆ ಕಂಡಿತ್ತು. ಅಳತೆಗೆ ಮಾಡಿಸಿದವರಲ್ಲಿ 68! ಎಂಟು ವಾರ ಸಣ್ಣ ಅವಧಿ ಎಂಬುದು ನಿಜ. 2006ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವು 135 ಜನರನ್ನು ಒಂದು ವರ್ಷದವರೆಗೆ ಗಮನಿಸಿತು. ಸಿದ್ಧ ಸೋಲ್ ಮತ್ತು ಅಳತೆಯ ಸೋಲುಗಳ ನಡುವೆ ವ್ಯತ್ಯಾಸವೇ ಕಾಣಲಿಲ್ಲ. ಮೊದಲ ತಿಂಗಳುಗಳಲ್ಲಿ ಎರಡರಿಂದಲೂ ಸ್ವಲ್ಪ ಅನುಕೂಲ, ವರ್ಷ ತುಂಬುವ ಹೊತ್ತಿಗೆ ಈ ಸೋಲ್ ಹಾಕಿದವರೂ ಹೋಲಿಕೆಗೆಂದು ಹೆಸರಿಗೆ ಮಾತ್ರದ ಸೋಲ್ ಹಾಕಿದವರೂ ಹೆಚ್ಚುಕಡಿಮೆ ಒಂದೇ.

ಹಾಗಾಗಿ ಸಾಧಾರಣ ಹಿಮ್ಮಡಿ ನೋವಿಗೆ ಮೊದಲು ಒಂದು ಜೊತೆ ಸಾದಾ ಹೀಲ್ ಕಪ್ ಕೊಂಡು ಆರು ವಾರ ಹಾಕಿ ನೋಡಿರಿ. ನೋವು ಒಂದೇ ಕಾಲಿನಲ್ಲಿದ್ದರೂ ಎರಡೂ ಬೂಟುಗಳಿಗೆ ಹಾಕಬೇಕು. ಇಲ್ಲದಿದ್ದರೆ ಒಂದು ಕಾಲು ಎತ್ತರ, ಒಂದು ಕಾಲು ತಗ್ಗಾಗಿ ಹಿಮ್ಮಡಿಯ ನೋವು ಸೊಂಟಕ್ಕೆ ಹತ್ತುತ್ತದೆ. ಒತ್ತಿ ನೋಡಿದರೆ ತಗ್ಗಬೇಕು, ಬಿಟ್ಟರೆ ಕೂಡಲೇ ಮೊದಲಿನ ಆಕಾರಕ್ಕೆ ಬರಬೇಕು. ಹೆಬ್ಬೆರಳು ಒತ್ತಿದಲ್ಲಿ ಗುಳಿ ಹಾಗೆಯೇ ಉಳಿಯುವ ಸ್ಪಂಜು ತಿಂಗಳೊಳಗೆ ಹಪ್ಪಳವಾಗುತ್ತದೆ. ಪಾದ ಚಪ್ಪಟೆ ಇದ್ದವರಿಗೆ ಕಮಾನಿನ ಆಸರೆಯ ಸಿದ್ಧ ಸೋಲ್ ಹೆಚ್ಚು ಹಿತವೆನಿಸಬಹುದು. ಅಂಥದನ್ನು ಮೊದಲ ದಿನ ಒಂದು ಗಂಟೆ, ಮರುದಿನ ಎರಡು ಗಂಟೆ, ಹೀಗೆ ರೂಢಿ ಮಾಡಿಕೊಳ್ಳಿರಿ. ಆರು ವಾರದಲ್ಲಿ ಏನೂ ಬದಲಾಗದಿದ್ದರೆ ಇನ್ನೂ ದುಬಾರಿಯದನ್ನು ಹುಡುಕಬೇಡಿರಿ, ವೈದ್ಯರಿಗೆ ತೋರಿಸಿರಿ. ಅಳತೆಗೆ ಮಾಡಿಸುವ ಸೋಲಿಗೂ ಅದರ ಜಾಗವಿದೆ. ಪಾದದ ಆಕಾರವೇ ಕೆಟ್ಟವರಿಗೆ, ಸಂಧಿವಾತದಿಂದ ಬೆರಳು ತಿರುಚಿದವರಿಗೆ, ಮುಂದೆ ಹೇಳಲಿರುವ ಕೆಲವರಿಗೆ ಅದು ಬೇಕು.

ಸೋಲಿಗಿಂತ ಬೂಟು ಮುಖ್ಯ ಎಂಬುದನ್ನು ಜನ ಮರೆಯುತ್ತಾರೆ. ಹಳೆಯ, ಒಂದು ಬದಿಗೆ ಸವೆದ ಬೂಟಿನೊಳಗೆ ಹೊಸ ಸೋಲ್ ಹಾಕುವುದು ಕುಸಿದ ಗೋಡೆಗೆ ಸುಣ್ಣ ಬಳಿದಂತೆ. ಸಾಯಂಕಾಲ ಪಾದ ಸ್ವಲ್ಪ ಊದಿರುತ್ತದೆ, ಆ ಹೊತ್ತಿನಲ್ಲೇ ಕೊಳ್ಳಲು ಹೋಗಿರಿ. ಹೋಗುವ ಮುನ್ನ ಮನೆಯಲ್ಲಿ ಹಾಳೆಯ ಮೇಲೆ ನಿಂತು ಪಾದದ ಸುತ್ತ ಪೆನ್ಸಿಲ್ ಎಳೆಯಿಸಿ, ಆ ಆಕಾರ ಕತ್ತರಿಸಿ ಜೊತೆಗೊಯ್ಯಿರಿ. ಹಾಳೆ ಬೂಟಿನ ಒಳಗೆ ಮಡಚದೆ ಕೂಡಬೇಕು. ಸೋಲನ್ನೂ ಒಯ್ದು ಅದನ್ನು ಹಾಕಿಯೇ ಬೂಟು ತೊಟ್ಟು ನಡೆದು ನೋಡಿರಿ. ಉದ್ದದ ಸೋಲ್ ಆದರೆ ಮೊದಲಿನ ಒಳಹಾಸನ್ನು ತೆಗೆದು ಹಾಕಬೇಕು, ಒಂದರ ಮೇಲೊಂದು ಹಾಕಿದರೆ ಬೆರಳುಗಳು ಮೇಲಿನ ಚರ್ಮಕ್ಕೆ ಉಜ್ಜುತ್ತವೆ. ಹಿಂಬದಿಯ ಗೋಡೆ ಗಟ್ಟಿಯಾಗಿರಬೇಕು. ಬೂಟು ಬೆರಳುಗಳ ಬುಡದಲ್ಲಿ ಬಾಗಬೇಕೇ ಹೊರತು ನಡುವೆ ಮಡಚಿಕೊಳ್ಳಬಾರದು. ಕೊಲ್ಹಾಪುರಿ ಚಪ್ಪಲಿ ನೋಡಲು ಚೆಂದ, ನಮ್ಮ ಅಥಣಿಯವರೂ ಸೊಗಸಾಗಿ ಮಾಡುತ್ತಾರೆ. ಆದರೆ ಚಪ್ಪಟೆ, ಗಟ್ಟಿ ಚರ್ಮ. ನೋವು ಇಳಿಯುವವರೆಗೆ ಅದನ್ನು ಮದುವೆ ಮುಂಜಿಗೆ ಎತ್ತಿಡಿರಿ.

ಸೋಲಿನ ಜೊತೆಗೆ ವ್ಯಾಯಾಮ ಬಿಡುವಂತಿಲ್ಲ. ಹಾಸಿಗೆಯಲ್ಲೇ ಎದ್ದು ಕುಳಿತು, ನೋಯುವ ಪಾದವನ್ನು ಇನ್ನೊಂದು ಮೊಣಕಾಲಿನ ಮೇಲೆ ಇಡಿರಿ. ಬೆರಳುಗಳನ್ನು ಕೈಯಿಂದ ಹಿಡಿದು ಕಣಕಾಲಿನ ಕಡೆಗೆ ಜಗ್ಗಿರಿ. ಇನ್ನೊಂದು ಕೈಯಿಂದ ಅಂಗಾಲು ಮುಟ್ಟಿದರೆ ಆ ಪಟ್ಟಿ ತಂತಿಯಂತೆ ಬಿಗಿದಿರುವುದು ತಿಳಿಯುತ್ತದೆ. ಹತ್ತು ಎಣಿಸಿ ಬಿಡಿರಿ. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಮೊದಲ ಹೊತ್ತು ನೆಲಕ್ಕೆ ಕಾಲಿಡುವ ಮುನ್ನವೇ ಆಗಬೇಕು. ಗೋಡೆಗೆ ಕೈಯೂರಿ, ಹಿಂದಿನ ಕಾಲಿನ ಮೊಣಕಾಲು ನೇರವಾಗಿಟ್ಟು, ಹಿಮ್ಮಡಿ ನೆಲಬಿಡದಂತೆ ಮುಂದಕ್ಕೆ ವಾಲಿ ಮೀನಖಂಡ ಜಗ್ಗಿಸುವುದೂ ಒಳ್ಳೆಯದು. ಮೈತೂಕ ಇಳಿಸುವ ಮಾತನ್ನು ಇಲ್ಲಿ ಉದ್ದಮಾಡುವುದಿಲ್ಲ, ನಿಮಗೆ ಗೊತ್ತೇ ಇದೆ. ನೋವಿನ ಗುಳಿಗೆಯನ್ನು ಅಂಗಡಿಯಿಂದ ತಂದು ತಿಂಗಳಾನುಗಟ್ಟಲೆ ನುಂಗುವುದು ಹೊಟ್ಟೆಗೂ ಮೂತ್ರಪಿಂಡಕ್ಕೂ ಕೆಡುಕು. ಹಿಮ್ಮಡಿಗೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ಕೆಲವು ವಾರ ಆರಾಮ ಕೊಡುತ್ತದೆ. ಆದರೆ ಪದೇಪದೇ ಚುಚ್ಚಿಸಿಕೊಂಡರೆ ಆ ಪಟ್ಟಿಯೇ ಹರಿಯುವ ಭಯವಿದೆ.

ಮನೆಯೊಳಗಿನ ಹದಿನಾಲ್ಕು ಗಂಟೆ

ಮೇಲೆ ಹೇಳಿದ ಅಧ್ಯಯನಗಳೆಲ್ಲ ಬೆಳಿಗ್ಗೆಯಿಂದ ಸಂಜೆಯವರೆಗೆ, ಮನೆಯೊಳಗೂ ಬೂಟು ಹಾಕುವ ರೂಢಿಯಿರುವ ದೇಶಗಳವು. ನಮ್ಮ ತಾಯಂದಿರ ಸ್ಥಿತಿ ಬೇರೆ. ಅವರು ಬೂಟು ಹಾಕುವುದಿಲ್ಲ, ಚಪ್ಪಲಿಯೂ ಸಂತೆಗೆ ಹೋಗುವಾಗ ಮಾತ್ರ. ಬೆಳಿಗ್ಗೆ ಐದಕ್ಕೆ ಎದ್ದು ರಾತ್ರಿ ಮಲಗುವವರೆಗೆ ಶಹಾಬಾದ್ ಫರಸಿಯ ಮೇಲೆ ಬರಿಗಾಲು. ಗ್ಯಾಸ್ ಕಟ್ಟೆಯ ಮುಂದೆ ನಿಂತು ಮನೆಮಂದಿಗೆಲ್ಲ ಜೋಳದ ರೊಟ್ಟಿ ಬಡಿದು ಸುಡುವುದಕ್ಕೇ ಒಂದು ಗಂಟೆ ಬೇಕು. ಆ ಕಲ್ಲು ಬೇಸಿಗೆಯಲ್ಲಿ ತಣ್ಣಗೆ ಹಿತವಾಗಿರಬಹುದು, ಹಿಮ್ಮಡಿಗೆ ಮಾತ್ರ ಕರುಣೆ ತೋರುವುದಿಲ್ಲ. ಮಗ ಪ್ರೀತಿಯಿಂದ ಪುಣೆಯಿಂದ ತಂದುಕೊಟ್ಟ ದುಬಾರಿ ಸೋಲ್ ಬೂಟಿಲ್ಲದೆ ಕಪಾಟಿನಲ್ಲಿ ಕುಳಿತಿರುತ್ತದೆ.

ಇಂಥವರಿಗೆ ನಾನು ಸೋಲ್ ಬರೆದುಕೊಡುವುದಿಲ್ಲ. ಮನೆಯೊಳಗೆ ಮಾತ್ರ ಹಾಕುವ ಒಂದು ಜೊತೆ ಮೆತ್ತನೆಯ, ದಪ್ಪ ತಳದ ಚಪ್ಪಲಿ ತರಿಸಿಕೊಳ್ಳಿ ಎನ್ನುತ್ತೇನೆ. ಕೂಡಲೇ ಆಕ್ಷೇಪ ಬರುತ್ತದೆ. "ಅಡಗಿ ಮನ್ಯಾಗ ಚಪ್ಪಲಿ ಹಾಕ್ಕೊಂಡು ರೊಟ್ಟಿ ಬಡೀಬೇಕಾ ಸಾಹೇಬ್ರ? ನಮ್ಮ ಅತ್ತಿ ಏನಂತಾರ?" ಈ ಮಾತನ್ನು ನಕ್ಕು ತಳ್ಳಿಹಾಕುವಂತಿಲ್ಲ. ಅಂಗಳಕ್ಕೂ ಇಳಿಯದ ಹೊಸ ಚಪ್ಪಲಿ ನೆಲಕ್ಕೆ ಮೈಲಿಗೆ ತರುವುದಿಲ್ಲವೆಂದು ಅತ್ತೆಗೆ ತಿಳಿಹೇಳುವ ಕೆಲಸ ಗಂಡನದು. ಒಮ್ಮೆ ಅತ್ತೆಗೂ ಒಂದು ಜೊತೆ ತನ್ನಿರೆಂದು ಹೇಳಿದ್ದೆ, ವಿವಾದ ಅಲ್ಲಿಗೇ ಮುಗಿಯಿತು. ದೇವರ ಕೋಣೆಗೆ ಬಿಟ್ಟು ಹೋಗಿರಿ. ಅಷ್ಟೂ ಆಗದಿದ್ದರೆ ಕಟ್ಟೆಯ ಮುಂದೆ ನಿಲ್ಲುವ ಜಾಗಕ್ಕೆ ಒಂದು ದಪ್ಪ ರಬ್ಬರ್ ಮ್ಯಾಟ್ ಹಾಸಿಕೊಳ್ಳಿರಿ, ಒದ್ದೆಯಾದರೂ ಜಾರದಂಥದು. ಸವೆದು ತೆಳುವಾದ ಹವಾಯಿ ಚಪ್ಪಲಿಯನ್ನು ಮಾತ್ರ ಮನೆಬಳಕೆಗೆ ಇಳಿಸಬೇಡಿರಿ.

ಇನ್ನೆರಡು ಸಣ್ಣ ಮಾತು. ನೋವು ಹಿಮ್ಮಡಿಯಲ್ಲಲ್ಲ, ಬೆರಳುಗಳ ಬುಡದ ದಿಂಡಿನಲ್ಲಿ ಇದ್ದರೆ ಹೀಲ್ ಕಪ್ ಕೆಲಸಕ್ಕೆ ಬಾರದು. ಭಾರವನ್ನು ಮುಂದಕ್ಕೆ ತಳ್ಳಿ ನೋವು ಹೆಚ್ಚಿಸಲೂಬಹುದು. ಅದಕ್ಕೆ ಹನಿಯಾಕಾರದ ಪುಟ್ಟ ಪ್ಯಾಡ್ ಬೇರೆ ಇದೆ. ಅದನ್ನು ನೋಯುವ ಜಾಗದ ಕೆಳಗೇ ಅಂಟಿಸುವುದು ಎಲ್ಲರೂ ಮಾಡುವ ತಪ್ಪು. ಅದು ಕೂಡಬೇಕಾದದ್ದು ಆ ಜಾಗಕ್ಕಿಂತ ಸ್ವಲ್ಪ ಹಿಂದೆ, ಕಮಾನಿನ ಕಡೆಗೆ. ಇನ್ನು ಮಕ್ಕಳ ಚಪ್ಪಟೆ ಪಾದ. ಪುಟ್ಟ ಮಕ್ಕಳ ಪಾದ ಚಪ್ಪಟೆಯಾಗಿರುವುದೇ ಸಹಜ. ತುದಿಗಾಲಿನಲ್ಲಿ ನಿಂತಾಗ ಕಮಾನು ಕಾಣಿಸಿಕೊಂಡು, ಮಗುವಿಗೆ ನೋವೂ ಇಲ್ಲದಿದ್ದರೆ ಜಾಹೀರಾತು ನೋಡಿ ಸೋಲ್ ತರಬೇಕಾಗಿಲ್ಲ.

ನೋವಿಲ್ಲದ ಕಾಲು

ಈವರೆಗೆ ಹೇಳಿದ್ದೆಲ್ಲ ನೋವು ಇರುವ ಕಾಲಿಗೆ. ನೋವೇ ತಿಳಿಯದ ಕಾಲಿನ ಮಾತು ಇನ್ನೂ ಮುಖ್ಯ.

ಕೆಲವು ವರ್ಷಗಳ ಹಿಂದೆ ಹುಮನಾಬಾದ್ ಕಡೆಯ ಒಬ್ಬ ಲಾರಿ ಚಾಲಕ ನನ್ನಲ್ಲಿಗೆ ಬಂದಿದ್ದ. ಸಕ್ಕರೆ ಕಾಯಿಲೆಯ ಹಳೆಯ ರೋಗಿ. ಅಂಗಾಲು ಉರಿ, ರಾತ್ರಿ ಜುಮುಜುಮು ಎನ್ನುತ್ತದೆ, ನಡೆದರೆ ಅರಳೆಯ ಮೇಲೆ ನಡೆದಂತಾಗುತ್ತದೆ ಎಂದ. ಅಂದು ಹೊರಗೆ ಸಾಲು ದೊಡ್ಡದಿತ್ತು. ನಾನು ಗುಳಿಗೆ ಬದಲಿಸಿ, ಬೂಟಿಗೆ ಒಂದು ಒಳ್ಳೆಯ ಸೋಲ್ ಹಾಕಿಕೋ ಎಂದು ಕಳಿಸಿದೆ. ಸಾಕ್ಸು ತೆಗೆಸಿ ಕಾಲು ಮುಟ್ಟಿ ನೋಡಲಿಲ್ಲ. ಆತ ಕಮಾನಿನ ಆಸರೆಯ ಗಟ್ಟಿ ಸೋಲ್ ಕೊಂಡು, ಮೊದಲೇ ಬಿಗಿಯಾಗಿದ್ದ ಬೂಟಿನೊಳಗೆ ತುರುಕಿ ಮುಂಬೈಗೆ ಹೋಗಿಬಂದ. ಕಿರುಬೆರಳಿನ ಬದಿಗೆ ಬೊಕ್ಕೆ ಎದ್ದದ್ದು, ಒಡೆದದ್ದು, ಕೀವಾದದ್ದು ಯಾವುದೂ ಅವನಿಗೆ ತಿಳಿಯಲಿಲ್ಲ. ಸಾಕ್ಸಿಗೆ ಅಂಟಿದ ರಕ್ತ ಕಂಡು ಗಾಬರಿಯಾದವಳು ಹೆಂಡತಿ. ಎರಡು ತಿಂಗಳ ಡ್ರೆಸಿಂಗ್ ಆದರೂ ಆ ಬೆರಳು ಉಳಿಯಲಿಲ್ಲ. ಉಳಿದ ಪಾದ ಉಳಿಯಿತೆಂಬುದೇ ಸಮಾಧಾನ. ಈಗ ಸಕ್ಕರೆ ಕಾಯಿಲೆಯವರು ಯಾವ ದೂರು ಹೇಳಿಕೊಂಡು ಬಂದರೂ ನಾನು ಮೊದಲು ಬೂಟು ಬಿಚ್ಚಿಸುತ್ತೇನೆ.

ವರ್ಷಗಟ್ಟಲೆ ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೆ ಪಾದದ ನರಗಳು ಸಾಯುತ್ತ ಬರುತ್ತವೆ. ಉರಿಯೂ ಜೋಮೂ ಅದರ ಸೂಚನೆ. ಕೊನೆಗೆ ಸ್ಪರ್ಶವೇ ಹೋಗುತ್ತದೆ. ಕುಷ್ಠರೋಗದಲ್ಲೂ ನರಗಳಿಗೆ ಹೀಗೆಯೇ ಆಗುತ್ತದೆ. ಕುಷ್ಠದಲ್ಲಿ ಬೆರಳುಗಳು ತಾವಾಗಿಯೇ ಕೊಳೆತು ಉದುರುತ್ತವೆಂದು ಜಗತ್ತೆಲ್ಲ ನಂಬಿತ್ತು. ಹಾಗಲ್ಲ, ನೋವು ತಿಳಿಯದ ಪಾದ ದಿನನಿತ್ಯದ ಒತ್ತಡದಿಂದಲೇ ಗಾಯಗೊಳ್ಳುತ್ತದೆ ಎಂಬುದನ್ನು ತೋರಿಸಿಕೊಟ್ಟವರು 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ ಶಸ್ತ್ರವೈದ್ಯ ಡಾ. ಪಾಲ್ ಬ್ರ್ಯಾಂಡ್. ಅವರೂ ಅವರ ಸಂಗಡಿಗರೂ ಆ ಪಾದಗಳಿಗಾಗಿ ರೂಢಿಗೆ ತಂದದ್ದು ಮೈಕ್ರೋಸೆಲ್ಯುಲಾರ್ ರಬ್ಬರಿನ ಒಳಹಾಸು, ಅಂದರೆ ಇಂದು ಎಲ್ಲರೂ ಹೇಳುವ ಎಂ.ಸಿ.ಆರ್. ಚಪ್ಪಲಿ. ನಮ್ಮ ದೇಶದಲ್ಲೇ ಬೆಳೆದ ಈ ಅಗ್ಗದ ಚಪ್ಪಲಿ ಇಂದು ಸಕ್ಕರೆ ಕಾಯಿಲೆಯ ಪಾದಕ್ಕೂ ಕಾವಲಾಗಿದೆ. ಸ್ಪರ್ಶ ಕಳೆದುಕೊಂಡ ಕುಷ್ಠರೋಗಿಗಳಿಗೆ ಸರ್ಕಾರದ ಕಾರ್ಯಕ್ರಮದಲ್ಲಿ ಇದು ಉಚಿತ.

ಇಂಥ ಪಾದಕ್ಕೆ ಸೋಲಿನ ಕೆಲಸ ನೋವು ಕಳೆಯುವುದಲ್ಲ, ಭಾರ ಒಂದೇ ಕಡೆ ಬೀಳದಂತೆ ಹಂಚುವುದು. ಆದ್ದರಿಂದ ಗಟ್ಟಿ ಪ್ಲಾಸ್ಟಿಕ್ಕಿನ ಕಮಾನು, ಗುಬ್ಬಿಗುಬ್ಬಿಯಾಗಿ ಎದ್ದಿರುವ ‘ಆಕ್ಯುಪ್ರೆಶರ್’ ಸೋಲ್, ಬೆರಳುಗಳ ನಡುವೆ ಪಟ್ಟಿ ಬರುವ ಚಪ್ಪಲಿ ಇವು ಯಾವುವೂ ಬೇಡ. ಎಂ.ಸಿ.ಆರ್. ನಿಜವಾದದ್ದೇ ಎಂದು ತಿಳಿಯಲು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಸುಕಿ ನೋಡಿರಿ. ಸುಮಾರು ಅರ್ಧ ದಪ್ಪಕ್ಕೆ ಇಳಿದು, ಬಿಟ್ಟೊಡನೆ ಮೇಲೇಳಬೇಕು. ಅದರ ಕೆಳಗೆ ಮುಳ್ಳು, ಗಾಜು ತೂರದಂಥ ಗಟ್ಟಿ ತಳ ಬೇಕು. ಹಿಂದೆ ಪಟ್ಟಿ ಇರಬೇಕು. ಮೊಳೆ ಒಂದೂ ಇರಬಾರದು, ಅಂಟಿಸಿರಬೇಕು ಇಲ್ಲವೆ ಹೊಲಿದಿರಬೇಕು. ಹನ್ನೆರಡನೆಯ ಶತಮಾನದ ಶರಣ ಸಮಗಾರ ಹರಳಯ್ಯನವರ ಗವಿ ಇರುವ ಊರು ನಮ್ಮದು. ಎಂ.ಸಿ.ಆರ್. ಹಾಳೆ ತರಿಸಿಕೊಟ್ಟರೆ ಇಷ್ಟು ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿಕೊಡುವ ಕೈಗಳು ಇಲ್ಲಿ ಈಗಲೂ ಇವೆ. ಪಾದದಲ್ಲಿ ಈಗಾಗಲೇ ಗಾಯವಿದ್ದರೆ ಅಥವಾ ಹಿಂದೆ ಆಗಿ ಮಾಯ್ದಿದ್ದರೆ ಮಾತ್ರ ಮೊದಲು ವೈದ್ಯರಿಗೆ ತೋರಿಸಿ ಅವರು ಹೇಳಿದ ಅಳತೆಗೇ ಮಾಡಿಸಿರಿ.

ಎಕ್ಕದ ಎಲೆ ಹಾಸಿದ ಕಾದ ಇಟ್ಟಿಗೆಯ ಮೇಲೆ ಹಿಮ್ಮಡಿ ಊರುವ ಮನೆಮದ್ದು ನಮ್ಮಲ್ಲಿ ಬಹಳ ಹಳೆಯದು. ಸ್ಪರ್ಶ ಚೆನ್ನಾಗಿರುವವರು ಹದವಾದ ಶಾಖ ತೆಗೆದುಕೊಂಡರೆ ನನ್ನ ತಕರಾರಿಲ್ಲ. ಸಕ್ಕರೆ ಕಾಯಿಲೆಯವರು ಇದನ್ನು ಮಾಡಲೇಬಾರದು. ಚರ್ಮ ಸುಟ್ಟ ವಾಸನೆ ಬಂದ ಮೇಲೆ ಕಾಲು ತೆಗೆದವರಿದ್ದಾರೆ. ಏಪ್ರಿಲ್, ಮೇ ಬಿಸಿಲಿನಲ್ಲಿ ಗುಡಿಯ ಹಾಸುಗಲ್ಲಿನ ಮೇಲೆ ಬರಿಗಾಲಿನ ಪ್ರದಕ್ಷಿಣೆಯೂ ಹಾಗೆಯೇ. ದಪ್ಪ ಸಾಕ್ಸು ಹಾಕಿಕೊಂಡು, ಬೆಳಗಿನ ತಂಪಿನಲ್ಲಿ ಹೋಗಿಬನ್ನಿರಿ.

ನಿಮ್ಮ ಮನೆಯ ಹಿರಿಯರಿಗೆ ಸ್ಪರ್ಶ ಉಳಿದಿದೆಯೇ ಎಂದು ನೀವೇ ನೋಡಬಹುದು. ಯಾವ ಉಪಕರಣವೂ ಬೇಡ. ಅವರು ಕಣ್ಣು ಮುಚ್ಚಿ ಮಲಗಲಿ. ನಿಮ್ಮ ತೋರುಬೆರಳಿನ ತುದಿಯಿಂದ ಅವರ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಗಳನ್ನು ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಿರಿ. ಒತ್ತಬೇಡಿರಿ, ತಟ್ಟಬೇಡಿರಿ. ಮುಟ್ಟಿದ್ದು ಗೊತ್ತಾದಾಗ ಎಡಗಾಲೋ ಬಲಗಾಲೋ ಎಂದು ಅವರು ಹೇಳಬೇಕು. ಎರಡೂ ಪಾದ ಸೇರಿ ಆರು ಜಾಗ. ಎರಡು ಅಥವಾ ಹೆಚ್ಚು ಕಡೆ ತಿಳಿಯದಿದ್ದರೆ ಸ್ಪರ್ಶ ಕುಂದಿದೆ ಎಂದು ತಿಳಿದು, ಯಾವ ಸೋಲನ್ನೂ ಕೊಳ್ಳುವ ಮೊದಲು ತಾಲ್ಲೂಕು ಆಸ್ಪತ್ರೆಗೋ ಬೀದರಿನ ಬ್ರಿಮ್ಸ್‌ಗೋ ಕರೆದುಕೊಂಡು ಹೋಗಿರಿ. ಪಾದ ಕೆಂಪಾಗಿ ಬಿಸಿಯೇರಿ ಊದಿದ್ದರೆ, ಗಾಯದಿಂದ ವಾಸನೆ ಬರುತ್ತಿದ್ದರೆ, ಬೆರಳು ಕಪ್ಪಾಗಿದ್ದರೆ ಅದೇ ದಿನ ಹೋಗಬೇಕು. ಸಕ್ಕರೆ ಕಾಯಿಲೆ ಇಲ್ಲದವರೂ ರಾತ್ರಿ ನಿದ್ದೆಗೆಡಿಸುವ ಹಿಮ್ಮಡಿ ನೋವು, ಬಿದ್ದ ಮೇಲೆ ಶುರುವಾದ ನೋವು, ಜ್ವರದ ಜೊತೆಗಿನ ನೋವು ಇದ್ದರೆ ಆರು ವಾರ ಕಾಯುವಂತಿಲ್ಲ.

ಸ್ಪರ್ಶ ಕುಂದಿದವರು ಪ್ರತಿ ಸಲ ಬೂಟಿಗೆ ಕಾಲು ಹಾಕುವ ಮುನ್ನ ಅದನ್ನು ತಲೆಕೆಳಗು ಮಾಡಿ ಕೊಡವಿ, ಒಳಗೆ ಕೈಯಾಡಿಸಿ ನೋಡಬೇಕು. ಒಂದು ಸಣ್ಣ ಹರಳು, ಮಡಚಿಕೊಂಡ ಸೋಲಿನ ಅಂಚು, ಮೊಮ್ಮಗ ಹಾಕಿಟ್ಟ ಗೋಲಿ, ಇವೆಲ್ಲ ಬೂಟಿನೊಳಗೆ ಸಿಕ್ಕ ಉದಾಹರಣೆಗಳಿವೆ. ರಾತ್ರಿ ಮಲಗುವಾಗ ಒಮ್ಮೆ ಅಂಗಾಲು ನೋಡಿಕೊಳ್ಳಬೇಕು. ಬಗ್ಗಲಾಗದವರು ನೆಲದ ಮೇಲೆ ಕನ್ನಡಿ ಇಟ್ಟುಕೊಳ್ಳಲಿ, ಇಲ್ಲವೆ ಕಣ್ಣು ಚೆನ್ನಾಗಿರುವ ಮೊಮ್ಮಕ್ಕಳನ್ನು ಕರೆಯಲಿ.